ರೀಲ್ ಟೇಪ್‌ರೆಕಾರ್ಡರಿನ ಓಟ ತಪ್ಪಿದಾಗ

(ಹಳೆಯ ಧ್ವನಿಯಂತ್ರಗಳ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಮತ್ತೆ ಮತ್ತೆ ಬಂದದ್ದನ್ನು ಕತ್ತರಿಸಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ರೀಲ್ ಟೇಪ್‌ರೆಕಾರ್ಡರ್ ಇಟ್ಟುಕೊಂಡವರ ದೂರು ಸಾಮಾನ್ಯವಾಗಿ ಒಂದೇ ಸಾಲಿನದು: "ಸ್ಪೀಡು ಸರಿ ಇಲ್ಲ." ಆ ಒಂದು ಸಾಲಿನಲ್ಲಿ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿರುತ್ತವೆ. ಮೊದಲಿಂದ ಕೊನೆಯವರೆಗೂ ಒಂದೇ ಸಮ ನಿಧಾನ ಓಡುವುದು ಒಂದು ಬಗೆ. ಒಂದೇ ಸಮ ಜೋರಾಗಿ ಓಡುವುದು ಇನ್ನೊಂದು. ಚೆನ್ನಾಗಿಯೇ ಶುರುವಾಗಿ, ರೀಲು ಮುಗಿಯುತ್ತಾ ಬಂದ ಹಾಗೆ ಎಳೆಯುವುದು ಮತ್ತೊಂದು. ಇನ್ನು ಸ್ವರ ನಿಂತಲ್ಲಿ ನಿಲ್ಲದೆ ಅಲುಗಾಡುವುದಂತೂ ಬೇರೆಯೇ ಕಥೆ. ಇವೆಲ್ಲಕ್ಕೂ ನಾವು ಕೊಡುವ ಮದ್ದು ಮಾತ್ರ ಒಂದೇ. ಹೊಸ ಬೆಲ್ಟ್ ತರಿಸಿ ಹಾಕುತ್ತೇವೆ. ಅದಕ್ಕೂ ಬಗ್ಗದಿದ್ದರೆ ಹಿಂದಿನ ಮುಚ್ಚಳ ಬಿಚ್ಚಿ, ಬೋರ್ಡಿನ ಮೇಲೆ ಕಂಡ ಯಾವುದೋ ಪುಟ್ಟ ಸ್ಕ್ರೂ ತಿರುಗಿಸುತ್ತೇವೆ.

ನಾನು ಇವತ್ತು ಹೇಳಲು ಬಂದದ್ದು ಇಷ್ಟು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಆ ತಪ್ಪಿಗೆ ಒಂದು ಲಯ ಇದೆಯಾ ಅಂತ ಕೇಳಿ ನೋಡಿ. ಲಯ ಇದ್ದರೆ ಅದನ್ನು ಗಡಿಯಾರ ಹಿಡಿದು ಎಣಿಸಿ. ಯಂತ್ರದೊಳಗೆ ತಿರುಗುವ ಪ್ರತಿ ಭಾಗಕ್ಕೂ ತನ್ನದೇ ಸುತ್ತಿನ ಲೆಕ್ಕ ಇರುತ್ತದೆ. ಎಣಿಸಿದವರಿಗೆ ಅದು ತಾನೇ ಸಿಕ್ಕಿಬೀಳುತ್ತದೆ.

ಮೊದಲು ವೇಗ ಎಲ್ಲಿ ಹುಟ್ಟುತ್ತದೆ ಅಂತ ನೋಡೋಣ. ದೊಡ್ಡದಾಗಿ ಕಣ್ಣಿಗೆ ಬೀಳುವುದು ಎರಡು ರೀಲುಗಳು. ಹಾಗಾಗಿ ರೀಲು ತಿರುಗುವುದರಿಂದಲೇ ಟೇಪು ಓಡುತ್ತದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಿಜವಾದ ಯಜಮಾನ ಕ್ಯಾಪ್‌ಸ್ಟನ್ ಅನ್ನುವ ತೆಳು ಉಕ್ಕಿನ ಕಡ್ಡಿ. ಅದರ ಮೇಲೆ ಪಿಂಚ್ ರೋಲರ್ ಅನ್ನುವ ರಬ್ಬರ್ ಚಕ್ರ ಒತ್ತಿಕೊಳ್ಳುತ್ತದೆ. ಇವೆರಡರ ನಡುವೆ ಸಿಕ್ಕ ಟೇಪು ಕ್ಯಾಪ್‌ಸ್ಟನ್ ತಿರುಗಿದಷ್ಟೇ ಮುಂದೆ ಸಾಗುತ್ತದೆ. ಎಡಗಡೆಯ ಸಪ್ಲೈ ರೀಲು ಟೇಪನ್ನು ಸ್ವಲ್ಪ ಹಿಂದಕ್ಕೆ ಹಿಡಿದುಕೊಂಡು ಬಿಗಿಯಾಗಿಡುತ್ತದೆ. ಬಲಗಡೆಯ ಟೇಕಪ್ ರೀಲು ಬಂದದ್ದನ್ನು ಸುತ್ತಿಕೊಳ್ಳುತ್ತದೆ. ಅವುಗಳ ಕೆಲಸ ಅಷ್ಟೇ. ಕ್ಯಾಪ್‌ಸ್ಟನ್ ಬುಡದಲ್ಲಿ ಫ್ಲೈವೀಲ್ ಅನ್ನುವ ಭಾರದ ಚಕ್ರ ಇರುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಮೋಟಾರು ಬೆಲ್ಟಿನ ಮೂಲಕ ತಿರುಗಿಸುವುದು ಇದನ್ನೇ. ಕುಂಬಾರನ ತಿಗರಿಯ ಹಾಗೆ, ಭಾರ ಇದ್ದಷ್ಟೂ ಅದರ ಓಟ ಸಮ.

ಲೆಕ್ಕ ಬಹಳ ಸುಲಭ. ಕ್ಯಾಪ್‌ಸ್ಟನ್ ದಪ್ಪ 6 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ಅದರ ಸುತ್ತಳತೆ ಸುಮಾರು 18.85 ಮಿ.ಮೀ. ಟೇಪು ಸೆಕೆಂಡಿಗೆ 19.05 ಸೆಂಟಿಮೀಟರ್ ಹೋಗಬೇಕಾದರೆ ಆ ಕಡ್ಡಿ ಸೆಕೆಂಡಿಗೆ ಸುಮಾರು ಹತ್ತು ಸುತ್ತು ಹಾಕಬೇಕು. ಈಗ ಆ ಕಡ್ಡಿಯ ಮೇಲೆ ಹಳೆಯ ಟೇಪಿನ ಕಂದು ಪುಡಿ ಗಟ್ಟಿಯಾಗಿ ಅಂಟಿಕೊಂಡು ದಪ್ಪ 0.05 ಮಿ.ಮೀ. ಜಾಸ್ತಿಯಾಯಿತು ಅನ್ನಿ. ವೇಗ ಶೇ. 0.8ರಷ್ಟು ಏರುತ್ತದೆ! ಕಣ್ಣಿಗೆ ಕಾಣದಷ್ಟು ಕೊಳೆ, ಕಿವಿಗೆ ಗೊತ್ತಾಗುವಷ್ಟು ತಪ್ಪು. ಅದಕ್ಕೇ ಏನೇ ಪರೀಕ್ಷೆ ಮಾಡುವ ಮೊದಲು ಕ್ಯಾಪ್‌ಸ್ಟನ್ನನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಲ್ಲುವವರೆಗೂ ಒರೆಸಬೇಕು.

19.05 ಸೆಂ.ಮೀ. ಅಂದರೆ 7½ ಇಂಚು. ಇದು ಯಾಕೆ ಇಂಥ ವಿಚಿತ್ರ ಸಂಖ್ಯೆ ಅಂತ ಅನ್ನಿಸುತ್ತದೆ ಅಲ್ವಾ? ಜರ್ಮನಿಯ ಎಇಜಿ ಕಂಪನಿ ಮ್ಯಾಗ್ನೆಟೋಫೋನ್ ಅನ್ನುವ ತನ್ನ ಟೇಪ್‌ರೆಕಾರ್ಡರನ್ನು 1935ರಲ್ಲಿ ಬರ್ಲಿನ್ ರೇಡಿಯೊ ಪ್ರದರ್ಶನದಲ್ಲಿ ತೋರಿಸಿತು. ಆಮೇಲೆ ಬಂದ ಅದರ ಮಾದರಿಗಳಲ್ಲಿ ಟೇಪು ಸೆಕೆಂಡಿಗೆ ಸುಮಾರು 77 ಸೆಂ.ಮೀ. ಓಡುತ್ತಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕದವರು ಅದನ್ನು 30 ಇಂಚು ಅಂತ ಹಿಡಿದರು. ಟೇಪು ಉಳಿಸಲು ಅರ್ಧ, ಅರ್ಧದ ಅರ್ಧ ಮಾಡುತ್ತಾ ಬಂದರು. 15, 7½, 3¾, 1⅞ ಹುಟ್ಟಿದ್ದು ಹೀಗೆ. ಅರ್ಧ ಮಾಡುತ್ತಾ ಬಂದದ್ದರಿಂದ ನಮಗೊಂದು ಉಪಕಾರವೂ ಆಗಿದೆ. ಟೇಪನ್ನು ತಪ್ಪು ವೇಗದಲ್ಲಿ ಹಾಕಿದರೆ ಧ್ವನಿ ಸರಿಯಾಗಿ ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ಹೋಗುತ್ತದೆ. ಗಂಡಸಿನ ಧ್ವನಿ ಪೂರ್ತಿ ಒಂದು ಸ್ಥಾಯಿ ಕೆಳಗೆ ಕೇಳುತ್ತಿದ್ದರೆ ಯಂತ್ರ ಕೆಟ್ಟಿಲ್ಲ. ವೇಗದ ಗುಂಡಿ ತಿರುಗಿಸಿ ಸಾಕು. ನಗಬೇಡಿ, ಇದೇ ಕಾರಣಕ್ಕೆ ಬಿಚ್ಚಿ ಹಾಳಾದ ಯಂತ್ರಗಳಿವೆ.

ಸ್ಥಾಯಿಯಷ್ಟು ದೊಡ್ಡದಲ್ಲದ, ಆದರೆ ಸ್ಥಿರವಾದ ತಪ್ಪು ಕಂಡರೆ ಮುಂದಿನ ಅನುಮಾನ ಕರೆಂಟಿನ ಮೇಲೆ ಬರಬೇಕು. ಬಹಳಷ್ಟು ಹಳೆಯ ಯಂತ್ರಗಳಲ್ಲಿ ಇರುವುದು ಸಿಂಕ್ರೊನಸ್ ಮೋಟಾರು. ಅದು ವೋಲ್ಟೇಜನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಫ್ರೀಕ್ವೆನ್ಸಿಗೆ ತಕ್ಕಂತೆ ತಿರುಗುತ್ತದೆ. ನಾಲ್ಕು ಪೋಲಿನ ಮೋಟಾರು 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 1500 ಸುತ್ತು ಹಾಕುತ್ತದೆ, 60 ಹರ್ಟ್ಸ್‌ನಲ್ಲಿ 1800. ಅಂದರೆ 60 ಹರ್ಟ್ಸ್ ದೇಶಕ್ಕೆ ತಯಾರಾದ ಯಂತ್ರವನ್ನು 50 ಹರ್ಟ್ಸ್ ಇರುವಲ್ಲಿ ಓಡಿಸಿದರೆ ಅದರ ವೇಗ ಆರರಲ್ಲಿ ಐದು ಪಾಲು. ಅರ್ಧ ಗಂಟೆಯ ಭಾಷಣ 36 ನಿಮಿಷ ತೆಗೆದುಕೊಳ್ಳುತ್ತದೆ. ಶ್ರುತಿ ಮೂರು ಅರೆಸ್ವರಕ್ಕಿಂತ ತುಸು ಜಾಸ್ತಿಯೇ ಇಳಿಯುತ್ತದೆ. "ಟ್ರಾನ್ಸ್‌ಫಾರ್ಮರ್ ಹಾಕಿದ್ದೀನಲ್ಲ" ಅನ್ನುವವರು ಇದ್ದಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಫ್ರೀಕ್ವೆನ್ಸಿಯನ್ನು ಮುಟ್ಟುವುದಿಲ್ಲ. ಕೆಲವು ಯಂತ್ರಗಳಲ್ಲಿ ಮೋಟಾರ್ ಪುಲ್ಲಿಗೆ ಎರಡು ಮೆಟ್ಟಿಲು ಇರುತ್ತದೆ, ಬೆಲ್ಟನ್ನು ಒಂದರಿಂದ ಇನ್ನೊಂದಕ್ಕೆ ಸರಿಸಿದರೆ ಆಯಿತು. ಕೆಲವಕ್ಕೆ ಬೇರೆ ಪುಲ್ಲಿ ಹಾಕಬೇಕು. ಮೋಟಾರಿನ ಕೆಪಾಸಿಟರಿನ ಅಳತೆಯೂ 50 ಮತ್ತು 60ಕ್ಕೆ ಬೇರೆ ಬೇರೆ ಇರುತ್ತದೆ. ಅದನ್ನು ಮರೆತರೆ ಮೋಟಾರು ಸುಮ್ನೆ ಬಿಸಿಯಾಗುತ್ತದೆ.

ಶೇಕಡಾವಾರು ಲೆಕ್ಕಕ್ಕೆ ಒಂದು ಅಳತೆಗೋಲು ಮನಸ್ಸಿನಲ್ಲಿರಲಿ. ಒಂದು ಅರೆಸ್ವರ ಅಂದರೆ ಸುಮಾರು ಶೇ. 6. ಶೇ. 1 ತಪ್ಪಿದರೆ ಅರೆಸ್ವರದ ಆರನೇ ಒಂದು ಭಾಗ. ಒಂಟಿಯಾಗಿ ಕೇಳುವಾಗ ಅದು ಗೊತ್ತಾಗದೇ ಹೋಗಬಹುದು. ಇನ್ನೊಂದು ವಾದ್ಯ ಜೊತೆಗೆ ನುಡಿಸಿದರೆ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಇಲ್ಲಿ ಒಂದು ಬಲೆ ಇದೆ. ನಿಮ್ಮ ಯಂತ್ರದಲ್ಲಿ ಒಂದು ಸ್ವರ ರೆಕಾರ್ಡ್ ಮಾಡಿ ಅದರಲ್ಲೇ ಕೇಳಿದರೆ ಎಲ್ಲಾ ಸರಿಯಾಗಿಯೇ ಕೇಳುತ್ತದೆ. ಶೇ. 4 ನಿಧಾನವಾಗಿ ರೆಕಾರ್ಡಾದದ್ದು ಶೇ. 4 ನಿಧಾನವಾಗಿಯೇ ಓಡುತ್ತದೆ. ತಪ್ಪು ತಪ್ಪಿಗೆ ವಜಾ. ಹಾಗಾಗಿ ಅಳತೆ ಹೊರಗಿನಿಂದ ಬರಬೇಕು. ಅಳತೆ ಟೇಪು, ಅಂದರೆ ಗೊತ್ತಾದ ಒಂದು ಸ್ವರವನ್ನು ಸರಿಯಾದ ವೇಗದಲ್ಲಿ ರೆಕಾರ್ಡ್ ಮಾಡಿಟ್ಟ ಪರೀಕ್ಷೆಯ ಟೇಪು, ಸಿಕ್ಕರೆ ಬಹಳ ಒಳ್ಳೆಯದು. ಯುರೋಪಿನ ಡಿಐಎನ್ ಪದ್ಧತಿಯಲ್ಲಿ ಅದರಲ್ಲಿ 3150 ಹರ್ಟ್ಸ್ ಸ್ವರ ಇರುತ್ತದೆ, ಅಮೆರಿಕದ ಎನ್‌ಎಬಿ ಪದ್ಧತಿಯಲ್ಲಿ 3000 ಹರ್ಟ್ಸ್. ಕಂಪ್ಯೂಟರಿಗೆ ಜೋಡಿಸಿ ಫ್ರೀಕ್ವೆನ್ಸಿ ಓದಿಕೊಂಡರೆ ಮುಗಿಯಿತು. 3150 ಇರಬೇಕಾದ ಕಡೆ 3087 ಬಂದರೆ ಶೇ. 2 ನಿಧಾನ.

ಅಳತೆ ಟೇಪು ಇಲ್ಲದವರಿಗೆ ನನಗೆ ಬಹಳ ಇಷ್ಟವಾದ ಒಂದು ದಾರಿ ಇದೆ. 7½ ಇಂಚಿನ ವೇಗದಲ್ಲಿ ಒಂದು ನಿಮಿಷಕ್ಕೆ 11.43 ಮೀಟರ್ ಟೇಪು ಹೋಗಬೇಕು. ಯಾವುದಾದರೂ ಒಳ್ಳೆಯ ಟೇಪಿನಲ್ಲಿ ಉದ್ದಕ್ಕೂ ಒಂದು ಸ್ವರ ರೆಕಾರ್ಡ್ ಮಾಡಿ. ನೆಲದ ಮೇಲೆ ಅಳೆಯುವ ಪಟ್ಟಿ ಹಾಸಿ, ಜಗ್ಗದೆ, 11.43 ಮೀಟರ್ ಅಳೆಯಿರಿ. ಎರಡೂ ತುದಿಗೆ ಬಿಳಿ ಲೀಡರ್ ಟೇಪಿನ, ಅಂದರೆ ಧ್ವನಿ ಹಿಡಿಯದ ಬರೀ ಪಟ್ಟಿಯ, ತುಂಡು ಅಂಟಿಸಿ. ಈಗ ಅದನ್ನು ಹಾಕಿ ಕಂಪ್ಯೂಟರಿನಲ್ಲಿ ಮುದ್ರಿಸಿಕೊಳ್ಳಿ. ಲೀಡರ್ ಬಂದಲ್ಲಿ ಸ್ವರ ನಿಲ್ಲುತ್ತದೆ. ಸ್ವರ ಶುರುವಾಗಿ ನಿಲ್ಲುವವರೆಗೆ ಸರಿಯಾಗಿ 60 ಸೆಕೆಂಡ್ ಇರಬೇಕು. 61.2 ಬಂದರೆ ಶೇ. 2 ನಿಧಾನ ಅಂತಲೇ ಅರ್ಥ. ಅಳೆಯುವಾಗ ಒಂದು ಸೆಂಟಿಮೀಟರ್ ತಪ್ಪಿದರೂ ಫಲಿತಾಂಶದಲ್ಲಿ ಶೇ. 0.1ರಷ್ಟೂ ವ್ಯತ್ಯಾಸ ಬರುವುದಿಲ್ಲ. ಕೈಗಡಿಯಾರ ನೋಡಿಕೊಂಡು ಕೂಡ ಮಾಡಬಹುದು, ಆದರೆ ಬೆರಳು ಒತ್ತುವ ತಡದಲ್ಲಿ ನಿಖರತೆ ಹೋಗುತ್ತದೆ.

ಇದೇ ಟೇಪನ್ನು ರೀಲಿನ ಶುರುವಿಗೆ ಒಂದು ಸಲ, ಕೊನೆಗೆ ಒಂದು ಸಲ ಬರುವ ಹಾಗೆ ಸುತ್ತಿ ಅಳೆಯಿರಿ. ಎರಡು ಉತ್ತರಗಳೂ ಒಂದೇ ಆದರೆ ಒಂದು ದಾರಿ, ಬೇರೆಯಾದರೆ ಇನ್ನೊಂದು. ಬೇರೆಯಾದವರ ಕಥೆ ಮೊದಲು ಹೇಳುತ್ತೇನೆ, ಯಾಕಂದ್ರೆ ಹಳೆಯ ಯಂತ್ರಗಳಲ್ಲಿ ಅದೇ ಜಾಸ್ತಿ.

7 ಇಂಚಿನ ರೀಲಿನ ಹೊರ ಅಂಚು ಸುಮಾರು 178 ಮಿ.ಮೀ. ವ್ಯಾಸ. ಟೇಪು ಸುತ್ತಿಕೊಳ್ಳುವ ಒಳಗಿನ ನಡುಭಾಗ, ಅಂದರೆ ಹಬ್, ಸುಮಾರು 57. ಸಪ್ಲೈ ರೀಲಿನ ಕೆಳಗಿರುವ ಬ್ರೇಕು ಒಂದೇ ಬಲದಲ್ಲಿ ಹಿಡಿದುಕೊಂಡಿದ್ದರೆ, ಟೇಪಿನ ಸುರುಳಿ ಚಿಕ್ಕದಾದಷ್ಟೂ ಎಳೆತ ಏರುತ್ತದೆ. ತುಂಬಿದ ರೀಲಿನಲ್ಲಿ ಇದ್ದದ್ದರ ಮೂರು ಪಟ್ಟು ಎಳೆತ ಕೊನೆಯಲ್ಲಿ ಇರುತ್ತದೆ. ಪಿಂಚ್ ರೋಲರಿನ ಹಿಡಿತ ಗಟ್ಟಿ ಇದ್ದರೆ ಇದರಿಂದ ತೊಂದರೆ ಇಲ್ಲ. ಹಿಡಿತ ಸಡಿಲವಾಗಿದ್ದರೆ ಟೇಪು ಸ್ವಲ್ಪ ಸ್ವಲ್ಪವೇ ಜಾರುತ್ತದೆ, ಕೊನೆಗೆ ಹೋದಷ್ಟೂ ಜಾಸ್ತಿ ಜಾರುತ್ತದೆ. ಹಾಡು ನಿಧಾನಕ್ಕೆ ಕೆಳಗಿಳಿಯುತ್ತಾ ಮುಗಿಯುತ್ತದೆ. ಎಷ್ಟೋ ಹಳೆಯ ಯುರೋಪಿಯನ್ ಯಂತ್ರಗಳಲ್ಲಿ ಇದಕ್ಕೊಂದು ಜಾಣ ಉಪಾಯ ಇತ್ತು. ರೀಲು ಫೆಲ್ಟ್ ಬಟ್ಟೆಯ ಮೇಲೆ ತನ್ನ ಭಾರದಿಂದಲೇ ಕೂರುತ್ತದೆ. ಟೇಪು ಖಾಲಿಯಾದ ಹಾಗೆ ಭಾರ ಕಡಿಮೆ, ಭಾರ ಕಡಿಮೆಯಾದ ಹಾಗೆ ಬ್ರೇಕೂ ಕಡಿಮೆ. ಸ್ಪ್ರಿಂಗೂ ಬೇಡ, ಸರ್ಕ್ಯೂಟೂ ಬೇಡ. ಆ ಫೆಲ್ಟಿಗೆ ಯಾರಾದರೂ ಎಣ್ಣೆ ಬಿಟ್ಟಿದ್ದರೆ ಮಾತ್ರ ಲೆಕ್ಕವೆಲ್ಲಾ ತಲೆಕೆಳಗು. ಅಂಥ ಯಂತ್ರವನ್ನು ನಿಲ್ಲಿಸಿಟ್ಟು ಓಡಿಸಿದರೂ ಕೆಲಸ ಕೆಡುತ್ತದೆ, ಅದು ಮಲಗಿಯೇ ಇರಬೇಕು.

ಈ ಜಾರುವಿಕೆಯನ್ನು ಹಿಡಿಯಲು ಉಪಕರಣವೇ ಬೇಕಿಲ್ಲ. ಬೆರಳು ಸಾಕು. ಒಂದು ಉದ್ದ ಸ್ವರ ಓಡುತ್ತಿರುವಾಗ ಸಪ್ಲೈ ರೀಲಿನ ಅಂಚಿಗೆ ಬೆರಳನ್ನು ಹಗುರವಾಗಿ ತಾಗಿಸಿ. ಸ್ವರ ಇಳಿಯಿತಾ? ಆರೋಗ್ಯವಂತ ಯಂತ್ರದಲ್ಲಿ ಅದು ಕದಲಬಾರದು. ಆಮೇಲೆ ಟೇಕಪ್ ರೀಲಿನ ಅಂಚಿಗೆ ತಾಗಿಸಿ. ಈಗಲೂ ಸ್ವರ ಇಳಿದರೆ ಅರ್ಥವೇನು? ಟೇಕಪ್ ರೀಲು ಟೇಪನ್ನು ಪಿಂಚ್ ರೋಲರಿನ ಹಿಡಿತದಿಂದ ಬಲವಂತವಾಗಿ ಎಳೆದುಕೊಳ್ಳುತ್ತಿತ್ತು, ನಿಮ್ಮ ಬೆರಳು ಅದನ್ನು ತಡೆಯಿತು. "ಜೋರಾಗಿ ಓಡುತ್ತದೆ" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಎರಡೂ ಕಡೆ ಬೆರಳಿಟ್ಟಾಗ ಸ್ವರ ಕದಲದಿದ್ದರೆ ಪಿಂಚ್ ರೋಲರನ್ನು ಬಿಟ್ಟುಬಿಡಿ. ತಪ್ಪು ಅದಕ್ಕಿಂತ ಹಿಂದೆ, ಮೋಟಾರಿನಿಂದ ಕ್ಯಾಪ್‌ಸ್ಟನ್ ವರೆಗಿನ ದಾರಿಯಲ್ಲಿ ಎಲ್ಲೋ ಇದೆ. ಈ ಒಂದು ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ಇಷ್ಟಾದರೂ ಯಾರೂ ಇದನ್ನು ಮೊದಲು ಮಾಡುವುದಿಲ್ಲ, ಎಲ್ಲರೂ ಬೆಲ್ಟ್ ಹುಡುಕಲು ಹೊರಡುತ್ತಾರೆ.

ಪಿಂಚ್ ರೋಲರ್ ಹಿಡಿತ ಕಳೆದುಕೊಳ್ಳಲು ಹಲವು ಕಾರಣ. ರಬ್ಬರ್ ಗಟ್ಟಿಯಾಗಿ ಗಾಜಿನ ಹಾಗೆ ಹೊಳೆಯುತ್ತಿರಬಹುದು. ಟೇಪಿನ ಪುಡಿ ಮೆತ್ತಿರಬಹುದು. ಒತ್ತುವ ಸ್ಪ್ರಿಂಗ್ ಸೋತಿರಬಹುದು. ಅಥವಾ ರೋಲರ್ ಹಿಡಿದ ತೋಳಿನ ಕೀಲಿನಲ್ಲಿ ಗ್ರೀಸ್ ಒಣಗಿ ಅಂಟಾಗಿ, ತೋಳು ಪೂರ್ತಿ ಒತ್ತದೇ ಇರಬಹುದು. ಕೊನೆಯದನ್ನು ಯಾರೂ ನೋಡುವುದಿಲ್ಲ. ರಬ್ಬರಿಗೆ ಆಲ್ಕೊಹಾಲ್ ಹಚ್ಚಿ ಉಜ್ಜುವ ಅಭ್ಯಾಸ ನನಗೆ ಒಪ್ಪಿಗೆ ಇಲ್ಲ. ಕೆಲವು ಬಗೆಯ ರಬ್ಬರನ್ನು ಅದು ಒಣಗಿಸುತ್ತದೆ. ಸೌಮ್ಯ ಸೋಪಿನ ನೀರು, ಆಮೇಲೆ ಬರೀ ನೀರು, ಆಮೇಲೆ ಒಣಬಟ್ಟೆ. ಮರಳು ಕಾಗದದಿಂದ ಉಜ್ಜಿ ಹೊಳಪು ತೆಗೆಯುವವರಿದ್ದಾರೆ. ಕೈಯಲ್ಲಿ ಉಜ್ಜಿದರೆ ರೋಲರ್ ದುಂಡಗೆ ಉಳಿಯುವುದಿಲ್ಲ. ಜಾರುವ ರೋಗ ಹೋಗಿ ಅಲುಗಾಡುವ ರೋಗ ಬರುತ್ತದೆ. ಗಟ್ಟಿಯಾದ ರೋಲರಿಗೆ ಹೊಸ ರಬ್ಬರ್ ಹಾಕಿಸುವುದೇ ಸರಿ.

ಈಗ ಅಲುಗಾಡುವ ಸ್ವರಕ್ಕೆ ಬರೋಣ. ನಿಧಾನಕ್ಕೆ ಏರಿಳಿಯುವುದನ್ನು ವೌ ಅನ್ನುತ್ತಾರೆ, ವೇಗವಾಗಿ ನಡುಗುವುದನ್ನು ಫ್ಲಟರ್. ಗಡಿರೇಖೆ ಸೆಕೆಂಡಿಗೆ ಐದಾರು ಸಲದ ಹತ್ತಿರ. ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು ನಾಲ್ಕು ಸಲದ ಅಲುಗಾಟ ಎಲ್ಲಕ್ಕಿಂತ ಬೇಗ ಗೊತ್ತಾಗುತ್ತದೆ. ಅಳತೆ ಮೀಟರುಗಳೂ ಆ ಜಾಗಕ್ಕೇ ಹೆಚ್ಚು ತೂಕ ಕೊಡುತ್ತವೆ. ಪರೀಕ್ಷೆಗೆ ಮಾತು ಬೇಡ. ಮಾತು ತಾನೇ ಏರಿಳಿಯುತ್ತಿರುತ್ತದೆ. ಪಿಯಾನೊದ ಒಂಟಿ ಸ್ವರ, ಅಥವಾ ಒಂದೇ ಸ್ವರ ಹುಟ್ಟಿಸುವ ಟೋನ್ ಜನರೇಟರಿನ ಸ್ವರ ಬೇಕು.

ಗಡಿಯಾರ ಹಿಡಿದು ಎಣಿಸಿ ಅಂದೆನಲ್ಲ, ಅದು ಕೆಲಸಕ್ಕೆ ಬರುವುದು ಇಲ್ಲಿಯೇ. 7½ ಇಂಚಿನ ವೇಗದಲ್ಲಿ ಏರಿಳಿತ ಎರಡು ಸೆಕೆಂಡಿಗೋ ಮೂರು ಸೆಕೆಂಡಿಗೋ ಒಂದು ಸಲ ಬರುತ್ತಿದ್ದರೆ ಅದು ರೀಲಿನದು. ತುಂಬಿದ 7 ಇಂಚಿನ ರೀಲು ಸುತ್ತು ಹಾಕಲು ಹೆಚ್ಚುಕಮ್ಮಿ ಮೂರು ಸೆಕೆಂಡ್ ಬೇಕು. ಬಹುತೇಕ ಖಾಲಿಯಾದಾಗ ಒಂದೇ ಸೆಕೆಂಡ್. ಅಂದರೆ ಈ ಲಯ ಬದಲಾಗುತ್ತಾ ಹೋಗುತ್ತದೆ. ಟೇಪು ಓಡಿದಷ್ಟೂ ಲಯ ಚುರುಕಾದರೆ ಸಪ್ಲೈ ರೀಲು, ನಿಧಾನವಾದರೆ ಟೇಕಪ್ ರೀಲು. ಡೊಂಕಾದ ಪ್ಲಾಸ್ಟಿಕ್ ರೀಲು, ಟೇಪಿಗೆ ಉಜ್ಜುವ ಅಂಚು, ಒಂದು ಕಡೆ ಮಾತ್ರ ಹಿಡಿಯುವ ಬ್ರೇಕು, ಇಂಥ ಏನೋ ಒಂದು ಇರುತ್ತದೆ. ರೀಲು ಬದಲಿಸಿ ನೋಡಿದರೆ ಒಂದೇ ನಿಮಿಷದಲ್ಲಿ ತೀರ್ಮಾನ.

ಲಯ ರೀಲಿನ ಶುರುವಿಂದ ಕೊನೆಯವರೆಗೂ ಬದಲಾಗದೆ ಸೆಕೆಂಡಿಗೆ ಎರಡರ ಆಸುಪಾಸು ಇದೆಯಾ? ಪಿಂಚ್ ರೋಲರಿನ ವ್ಯಾಸ ಅಳೆಯಿರಿ. 30 ಮಿ.ಮೀ. ಇದ್ದರೆ ಅದರ ಸುತ್ತಳತೆ 94 ಮಿ.ಮೀ., ಸೆಕೆಂಡಿಗೆ ಎರಡು ಸುತ್ತು. ಲೆಕ್ಕ ಕೂಡಿತು ಅಂದರೆ ಅದರಲ್ಲೊಂದು ತಗ್ಗು ಬಿದ್ದಿದೆ. ಲಿವರ್ ಒತ್ತಿ ಓಡಿಸುವ ಯಂತ್ರಗಳಲ್ಲಿ ಇದು ಸಾಮಾನ್ಯ. ಪ್ಲೇ ಸ್ಥಾನದಲ್ಲೇ ಬಿಟ್ಟು ಪ್ಲಗ್ ತೆಗೆದಿರುತ್ತಾರೆ. ರಬ್ಬರ್ ಉಕ್ಕಿನ ಕಡ್ಡಿಗೆ ಒತ್ತಿಕೊಂಡು ವರ್ಷಗಟ್ಟಲೆ ಕೂತಿರುತ್ತದೆ. ತಗ್ಗು ಚಿಕ್ಕದಿದ್ದು ರಬ್ಬರ್ ಇನ್ನೂ ಮೆತ್ತಗಿದ್ದರೆ ಓಡಿಸುತ್ತಾ ಹೋದ ಹಾಗೆ ಕೆಲವೊಮ್ಮೆ ತುಂಬಿಕೊಳ್ಳುತ್ತದೆ. ಗಟ್ಟಿಯಾಗಿದ್ದರೆ ಆಸೆ ಬಿಡಿ.

ಬೆಲ್ಟಿನ ಲಯ ಬೇರೆ. ಫ್ಲೈವೀಲ್ ವ್ಯಾಸ 75 ಮಿ.ಮೀ., ಬೆಲ್ಟಿನ ಉದ್ದ 40 ಸೆಂ.ಮೀ. ಅಂದುಕೊಂಡರೆ ಬೆಲ್ಟು ಸೆಕೆಂಡಿಗೆ ಸುಮಾರು ಆರು ಸುತ್ತು ಬರುತ್ತದೆ. ಬೆಲ್ಟಿಗೆ ಮಡಿಕೆ ಬಿದ್ದಿದ್ದರೆ ಈ ಲಯದಲ್ಲಿ ನಡುಕ ಕೇಳುತ್ತದೆ. ಕ್ಯಾಪ್‌ಸ್ಟನ್ ಬಾಗಿದ್ದರೆ ಸೆಕೆಂಡಿಗೆ ಹತ್ತು. ಅದನ್ನು ಎಣಿಸಲಾಗುವುದಿಲ್ಲ, ಸ್ವರ ಗಂಟಲು ಕಟ್ಟಿದ ಹಾಗೆ ಒರಟಾಗುತ್ತದೆ. ಎಣಿಸಲು ಕಷ್ಟವಾದಾಗ ವೇಗವನ್ನು ಅರ್ಧಕ್ಕೆ ಇಳಿಸಿ. ಪುಲ್ಲಿಯ ಮೆಟ್ಟಿಲಿನಿಂದ ವೇಗ ಬದಲಿಸುವ ಯಂತ್ರದಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ. ವೇಗ ಅರ್ಧವಾದಾಗ ಲಯವೂ ಅರ್ಧವಾದರೆ ತಪ್ಪು ಕ್ಯಾಪ್‌ಸ್ಟನ್ ಕಡೆಯದು. ಲಯ ಇದ್ದ ಹಾಗೇ ಇದ್ದರೆ ಮೋಟಾರ್ ಕಡೆಯದು, ಯಾಕಂದ್ರೆ ಅಲ್ಲಿ ಮೋಟಾರಿನ ಓಟ ಮಾತ್ರ ಬದಲಾಗಿಲ್ಲ.

ಇನ್ನು ಲಯವೇ ಇಲ್ಲದ, ಮನಸ್ಸು ಬಂದ ಹಾಗೆ ಏರಿಳಿಯುವ ತಪ್ಪು. ಅದರ ಹಿಂದೆ ಸಾಮಾನ್ಯವಾಗಿ ಜಾರುವ ಬೆಲ್ಟ್, ಜಾರುವ ಐಡ್ಲರ್ (ಮೋಟಾರಿನ ಓಟವನ್ನು ಫ್ಲೈವೀಲಿಗೆ ದಾಟಿಸುವ ಚಕ್ರ) ಅಥವಾ ಒಣಗಿದ ಬೇರಿಂಗ್ ಇರುತ್ತದೆ. ಪವರ್ ಪ್ಲಗ್ ತೆಗೆದು, ಬೆಲ್ಟ್ ಕಳಚಿ, ಫ್ಲೈವೀಲನ್ನು ಬೆರಳಿನಿಂದ ತಿರುಗಿಸಿ ಬಿಡಿ. ಅದು ಮೆಲ್ಲಗೆ, ಸದ್ದಿಲ್ಲದೆ, ಸಾಕಷ್ಟು ಹೊತ್ತು ತಿರುಗಬೇಕು. ಬಿಟ್ಟ ಕೂಡಲೇ ನಿಂತರೆ ಒಳಗಿನ ಎಣ್ಣೆ ಅಂಟಾಗಿದೆ. ಆನ್ ಮಾಡಿದಾಗ ನಿಧಾನ, ಹತ್ತು ಹದಿನೈದು ನಿಮಿಷ ಬಿಸಿಯಾದ ಮೇಲೆ ಸರಿ ಅನ್ನುವ ಯಂತ್ರಗಳದ್ದು ಬಹುತೇಕ ಇದೇ ಕಥೆ. ಬೇರಿಂಗನ್ನು ಬಿಚ್ಚಿ, ಹಳೆಯ ಅಂಟನ್ನು ಪೂರ್ತಿ ತೊಳೆದು, ತೆಳುವಾದ ಒಳ್ಳೆಯ ಯಂತ್ರದ ಎಣ್ಣೆ ಹಾಕಬೇಕು. ಹಳೆಯದರ ಮೇಲೆ ಹೊಸದನ್ನು ಸುರಿದರೆ ಒಂದು ವಾರ ಚೆನ್ನಾಗಿ ಓಡುತ್ತದೆ, ಅಷ್ಟೇ. ಎಷ್ಟೋ ಬೇರಿಂಗುಗಳು ಎಣ್ಣೆ ಹೀರಿಕೊಳ್ಳುವ ಸಣ್ಣ ರಂಧ್ರಗಳ ಕಂಚಿನವು. ಅವನ್ನು ಎಣ್ಣೆಯಲ್ಲಿ ನೆನೆಯಲು ಬಿಡಬೇಕು, ಮೇಲಿನಿಂದ ಒಂದು ಹನಿ ಬಿಟ್ಟರೆ ಸಾಲದು. ಜಾಸ್ತಿಯಾದ ಎಣ್ಣೆ ಮಾತ್ರ ಶತ್ರು. ಅದು ಹೋಗಿ ಸೇರುವುದು ರಬ್ಬರ್ ಇರುವಲ್ಲಿಗೇ.

ಐಡ್ಲರ್ ಚಕ್ರದ ಯಂತ್ರಗಳ ಬಗ್ಗೆ ಒಂದು ಮಾತು. ಮೋಟಾರ್ ಶಾಫ್ಟಿನ ಮೆಟ್ಟಿಲಿಗೆ ರಬ್ಬರ್ ಅಂಚಿನ ಚಕ್ರ ಒತ್ತಿ, ಅದು ಫ್ಲೈವೀಲಿನ ಅಂಚನ್ನು ತಿರುಗಿಸುತ್ತದೆ. ವೇಗದ ಗುಂಡಿ ಆ ಚಕ್ರವನ್ನು ಮೇಲೆ ಕೆಳಗೆ ಮಾಡುತ್ತದೆ. ನನಗೆ ಈ ವ್ಯವಸ್ಥೆಯ ಮೇಲೆ ಪ್ರೀತಿ ಇದೆ, ಎಲ್ಲಾ ಕಣ್ಣಿಗೆ ಕಾಣುತ್ತದೆ. ಚಕ್ರ ಮೆಟ್ಟಿಲಿನ ಮಧ್ಯದಲ್ಲಿ ಕೂರದೆ ಅಂಚಿಗೆ ಹತ್ತಿ ಕೂತಿದ್ದರೆ ವೇಗ ಎರಡರ ನಡುವೆ ಎಲ್ಲೋ ಒದ್ದಾಡುತ್ತದೆ. ನೋಡಿದರೆ ಸಾಕು, ಗೊತ್ತಾಗುತ್ತದೆ.

ಬೆಲ್ಟಿನ ವಿಷಯಕ್ಕೆ ಬಂದರೆ, ಹಳೆಯದು ಕರಗಿ ಟಾರಿನ ಹಾಗೆ ಆಗಿದ್ದರೆ ಬದಲಿಸಲೇಬೇಕು. ಪುಲ್ಲಿಯ ಮೇಲೆ ಒಂದು ಚುಕ್ಕೆ ಕಪ್ಪೂ ಉಳಿಯದ ಹಾಗೆ ಆಲ್ಕೊಹಾಲಿನಿಂದ ಒರೆಸಿ. ಬಟ್ಟೆಗೆ ತಾಗಿದರೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಕೊಳ್ಳಿ. ಹೊಸ ಬೆಲ್ಟ್ ತರುವಾಗ ಎಲ್ಲರೂ ಉದ್ದ ನೋಡುತ್ತಾರೆ, ದಪ್ಪ ನೋಡುವುದಿಲ್ಲ. ಬೆಲ್ಟಿನ ದಪ್ಪವೂ ಪುಲ್ಲಿಯ ವ್ಯಾಸಕ್ಕೆ ಸೇರಿಕೊಳ್ಳುತ್ತದೆ. ಚಿಕ್ಕ ಪುಲ್ಲಿಗೆ ಅದು ದೊಡ್ಡ ವ್ಯತ್ಯಾಸ, ದೊಡ್ಡ ಫ್ಲೈವೀಲಿಗೆ ಸಣ್ಣದು. 15 ಮಿ.ಮೀ. ಪುಲ್ಲಿ, 75 ಮಿ.ಮೀ. ಫ್ಲೈವೀಲ್ ಇರುವ ಕಡೆ 0.5 ಮಿ.ಮೀ. ಬೆಲ್ಟಿನ ಬದಲು 0.8 ಮಿ.ಮೀ. ಹಾಕಿದರೆ ವೇಗ ಶೇ. 1.5 ಏರುತ್ತದೆ. "ಹೊಸ ಬೆಲ್ಟ್ ಹಾಕಿದ ಮೇಲೆ ಜೋರಾಗಿ ಓಡುತ್ತಿದೆ" ಅನ್ನುವ ಒಗಟಿನ ಉತ್ತರ ಇದು. ತೀರಾ ಬಿಗಿಯಾದ ಬೆಲ್ಟೂ ಬೇಡ, ಬೇರಿಂಗಿನ ಮೇಲೆ ಭಾರ ಬಿದ್ದು ಹೊಸ ನಡುಕ ಶುರುವಾಗುತ್ತದೆ.

ಎಲೆಕ್ಟ್ರಾನಿಕ್ಸ್‌ಗೆ ಕೊನೆಗೆ ಬಂದೆ, ಬೇಕೆಂದೇ. ಮೋಟಾರಿನ ಕೆಪಾಸಿಟರ್ ಸೋತರೆ ಮೋಟಾರಿನ ಬಲ ಕುಗ್ಗುತ್ತದೆ. ಆನ್ ಮಾಡಿದಾಗ ತಡವರಿಸಿ ಎದ್ದೇಳುವ ಮೋಟಾರು ಕಂಡರೆ ಅದನ್ನು ಅಳೆಯಿರಿ. ಬ್ಯಾಟರಿಯ ಹಗುರ ಯಂತ್ರಗಳಲ್ಲಿ ಡಿಸಿ ಮೋಟಾರು. ಹಳೆಯವುಗಳಲ್ಲಿ ಅದರ ಜೊತೆ ಗವರ್ನರ್ ಅನ್ನುವ ತಿರುಗುವ ಸ್ವಿಚ್ ಇರುತ್ತದೆ, ಅದರ ಸಂಪರ್ಕಗಳು ಸುಟ್ಟು ಕಪ್ಪಾಗುತ್ತವೆ. 1967ರಲ್ಲಿ ಬಂದ ರಿವಾಕ್ಸ್ ಎ77ನಂಥ ಯಂತ್ರಗಳದ್ದು ಬೇರೆ ದಾರಿ. ಕ್ಯಾಪ್‌ಸ್ಟನ್ ಮೋಟಾರಿನ ವೇಗವನ್ನು ಒಂದು ಟ್ಯಾಕೊ ಹೆಡ್ ಓದುತ್ತದೆ. ಸರ್ಕ್ಯೂಟು ಅದನ್ನು ನೋಡಿ ಮೋಟಾರನ್ನು ತಿದ್ದುತ್ತದೆ. ಹಾಗಾಗಿ ಅಲ್ಲಿ 50–60ರ ಪ್ರಶ್ನೆಯೇ ಬರುವುದಿಲ್ಲ. ಟ್ಯಾಕೊ ಸಂಕೇತ ನಿಂತುಹೋದರೆ ಮೋಟಾರು ನಿಂತಿದೆ ಅಂತ ಸರ್ಕ್ಯೂಟು ಭಾವಿಸುತ್ತದೆ, ಪೂರ್ತಿ ಬಲ ಕೊಡುತ್ತದೆ. ಯಂತ್ರ ಹುಚ್ಚು ಹಿಡಿದ ಹಾಗೆ ಓಡುತ್ತದೆ. ಇಂಥ ಯಂತ್ರದಲ್ಲಿ ವೇಗ ಆಗಾಗ ಹಾರಿ ಬೀಳುತ್ತಿದ್ದರೆ ಹಳೆಯ ಟ್ರಿಮ್ಮರ್ (ವೇಗ ಹೊಂದಿಸಲು ಬೋರ್ಡಿನ ಮೇಲಿರುವ ಪುಟ್ಟ ಸ್ಕ್ರೂ), ಒಣಗಿದ ಕೆಪಾಸಿಟರ್, ಸಡಿಲ ಕನೆಕ್ಟರ್ ನೋಡಬೇಕು. ಟ್ರಿಮ್ಮರ್ ತಿರುಗಿಸುವ ಮೊದಲು ಅದು ಇದ್ದ ಜಾಗಕ್ಕೆ ಒಂದು ಗುರುತು ಹಾಕಿಕೊಳ್ಳಿ. ಜಾರುವ ರೋಲರಿನ ತಪ್ಪನ್ನು ಟ್ರಿಮ್ಮರಿನಿಂದ ಸರಿಪಡಿಸಿದರೆ ರೀಲಿನ ಮಧ್ಯದಲ್ಲಿ ಮಾತ್ರ ಸರಿ, ಎರಡು ತುದಿಯಲ್ಲೂ ತಪ್ಪು.

ಕರೆಂಟಿನ ಬಗ್ಗೆ ಎಚ್ಚರ. ವಾಲ್ವ್, ಅಂದರೆ ಟ್ರಾನ್ಸಿಸ್ಟರಿಗೆ ಮೊದಲಿನ ಗಾಜಿನ ಕೊಳವೆಗಳು, ಇರುವ ಯಂತ್ರಗಳಲ್ಲಿ ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಕೂತಿರಬಹುದು. ಡಿಸ್ಚಾರ್ಜ್ ಮಾಡಲು ಬಾರದವರು ಒಳಗೆ ಕೈ ಹಾಕಬಾರದು.

ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

"ನನ್ನ ಯಂತ್ರ ಕೆಲವು ಟೇಪುಗಳಿಗೆ ಮಾತ್ರ ನಿಧಾನವಾಗುತ್ತದೆ, ಕೀಚ್ ಅಂತ ಕಿರುಚುತ್ತದೆ. ಯಾಕೆ?" ಅಂತ ಒಬ್ಬರು ಕೇಳಿದರು.

ಹಾಗಾದರೆ ಯಂತ್ರವನ್ನು ಮುಟ್ಟಲೇಬೇಡಿ. ತಪ್ಪು ಟೇಪಿನದು. 1970ರ, 80ರ ದಶಕದ ಹಲವು ಟೇಪುಗಳಲ್ಲಿ, ಆಂಪೆಕ್ಸ್ 456 ಅದರಲ್ಲಿ ಪ್ರಸಿದ್ಧ, ಪುಡಿಯನ್ನು ಹಿಡಿದಿಟ್ಟ ಅಂಟು ಗಾಳಿಯ ತೇವ ಹೀರಿ ಕೆಟ್ಟಿರುತ್ತದೆ. ಟೇಪು ಧ್ವನಿ ಓದುವ ಹೆಡ್ಡಿಗೆ, ದಾರಿ ಹಿಡಿಸುವ ಗೈಡಿಗೆ ಅಂಟುತ್ತದೆ. ಬಲವಂತವಾಗಿ ಓಡಿಸಿದರೆ ಧ್ವನಿ ಹೊತ್ತ ಪದರವೇ ಕಿತ್ತು ಬರುತ್ತದೆ. ಅಂಥ ಟೇಪನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್ ಸ್ಥಿರ ಶಾಖದಲ್ಲಿ ಹಲವು ಗಂಟೆ ಇಟ್ಟರೆ ಕೆಲವು ವಾರಗಳ ಮಟ್ಟಿಗೆ ಸುಧಾರಿಸುತ್ತದೆ. ಅಷ್ಟರೊಳಗೆ ನಕಲು ಮಾಡಿಕೊಳ್ಳಬೇಕು. ಅಡುಗೆಯ ಓವನ್ ಇದಕ್ಕೆ ನಂಬಿಕೆಗೆ ಅರ್ಹವಲ್ಲ, ಅದರ ಶಾಖ ಏರಿಳಿಯುತ್ತದೆ. ಇನ್ನೂ ಹಳೆಯ ಅಸಿಟೇಟ್ ಟೇಪನ್ನು ಮಾತ್ರ ಎಂದೂ ಬಿಸಿ ಮಾಡಬಾರದು. ರೀಲನ್ನು ಪಕ್ಕದಿಂದ ಬೆಳಕಿಗೆ ಹಿಡಿಯಿರಿ. ಸುರುಳಿಯ ಮೂಲಕ ಬೆಳಕು ಹಾದುಬಂದರೆ ಅದು ಅಸಿಟೇಟ್.

"ಕೈಪಿಡಿಯಲ್ಲಿ ವೌ ಮತ್ತು ಫ್ಲಟರ್ ಶೇ. 0.1 ಅಂತ ಇದೆ. ನನ್ನದರಲ್ಲಿ ಶೇ. 0.2 ಬರುತ್ತಿದೆ. ಚಿಂತೆ ಮಾಡಬೇಕಾ?"

ಯಾವುದರಿಂದ ಅಳೆದಿರಿ ಅನ್ನುವುದು ಮೊದಲ ಪ್ರಶ್ನೆ. ಅದೇ ಯಂತ್ರದಲ್ಲಿ ರೆಕಾರ್ಡ್ ಮಾಡಿದ ಸ್ವರವಾದರೆ ಎರಡು ಸಲದ ಅಲುಗಾಟ ಒಂದರ ಮೇಲೊಂದು ಕೂತಿರುತ್ತದೆ. ಕೆಲವೊಮ್ಮೆ ಕೂಡಿಕೊಳ್ಳುತ್ತದೆ, ಕೆಲವೊಮ್ಮೆ ಕಳೆಯುತ್ತದೆ. ನಿಲ್ಲಿಸಿ ಮತ್ತೆ ಶುರು ಮಾಡಿದರೆ ಸಂಖ್ಯೆ ಬದಲಾಗುವುದು ಅದಕ್ಕೇ. ಹಲವು ಸಲ ಅಳೆದು ನೋಡಿ. ಕಿವಿಗೆ ಪಿಯಾನೊ ನೆಟ್ಟಗೆ ಕೇಳುತ್ತಿದ್ದರೆ ನಾನಾದರೆ ಅದನ್ನು ಬಿಚ್ಚುವುದಿಲ್ಲ.

ಕೊನೆಯ ಪ್ರಶ್ನೆ: "ಹೇಗೂ ಕಂಪ್ಯೂಟರಿಗೆ ಹಾಕಿಕೊಳ್ಳುತ್ತೇನೆ. ವೇಗವನ್ನು ಅಲ್ಲೇ ಸರಿ ಮಾಡಿಕೊಂಡರೆ ಆಗದಾ?"

ಸ್ಥಿರವಾದ ತಪ್ಪಾದರೆ ಖಂಡಿತ ಆಗುತ್ತದೆ. ಅದಕ್ಕೆ ಬೇಕಾದ ಅಳತೆಯೂ ಬಹಳ ಸಲ ಟೇಪಿನಲ್ಲೇ ಇರುತ್ತದೆ. ಹಳೆಯ ರೆಕಾರ್ಡಿಂಗುಗಳಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿರುತ್ತದಲ್ಲ, ಅದು ರೆಕಾರ್ಡ್ ಆದ ದಿನ 50 ಹರ್ಟ್ಸ್ ಇತ್ತು ಅಂತ ಹಿಡಿಯಬಹುದು. 60 ಹರ್ಟ್ಸ್ ಇರುವ ದೇಶದ್ದಾದರೆ 60. ಈಗ ಅದು 48ರಲ್ಲಿ ಕಂಡರೆ ಶೇ. 4 ನಿಧಾನ, ಅಷ್ಟನ್ನು ತಿದ್ದಿದರೆ ಆಯಿತು. ಆದರೆ ನಿಮ್ಮ ಯಂತ್ರ ಕೂಡ ತನ್ನದೇ ಗುಂಯ್ ಸೇರಿಸುತ್ತಿರುತ್ತದೆ. ಟೇಪು ನಿಲ್ಲಿಸಿ ಕೇಳಿ. ನಿಲ್ಲಿಸಿದಾಗಲೂ ಉಳಿಯುವುದು ಯಂತ್ರದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಟೇಪಿನ ಜೊತೆ ನಿಲ್ಲುವುದೇ ನಿಮಗೆ ಬೇಕಾದದ್ದು. ಕೊನೆಗೆ ಹೋದ ಹಾಗೆ ಎಳೆಯುವ ತಪ್ಪಿದ್ದರೆ ಇಡೀ ರೀಲಿಗೆ ಒಂದೇ ಸಂಖ್ಯೆ ಸಾಕಾಗುವುದಿಲ್ಲ. ಆಗ ರೋಲರ್ ಸರಿಮಾಡಿ ಮತ್ತೊಮ್ಮೆ ಓಡಿಸುವುದೇ ಕಡಿಮೆ ಕೆಲಸ.